ನಿಂತಾಗ ಬಾರದ ಸದ್ದು

ಹೋದ ವರ್ಷ ಆಯುಧಪೂಜೆ ಕಳೆದು ಎರಡು ವಾರಕ್ಕೆ ನಮ್ಮ ಕಾರು ‘ಉಸ್’ ಎನ್ನಲು ಶುರುಮಾಡಿತು. ಈ ಸಂಗತಿ ಲೋಕದಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಮುಂದಿನ ಎರಡು ತಿಂಗಳ ಸಂಕಟಕ್ಕೆಲ್ಲ ಅದೇ ಮೂಲ.

ಮೊದಲ ಸಲ ಕೇಳಿಸಿದ್ದು ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಭಾರತೀನಗರ ಇನ್ನೂ ಎರಡು ಮೈಲಿ ಇರುವಾಗ. ಮುಂದೆ ಎರಡು ಟ್ರೈಲರ್ ಕಬ್ಬು ಹೇರಿಕೊಂಡ ಟ್ರಾಕ್ಟರೊಂದು ಧಾರೆಗೆ ಹೊರಟ ಮದುಮಗಳ ಗಾಂಭೀರ್ಯದಲ್ಲಿ ನಡೆಯುತ್ತಿತ್ತು. ಎದುರು ಖಾಲಿ. ಮೂರನೇ ಗೇರಿಗೆ ಇಳಿಸಿ ಕಾಲು ಒತ್ತಿದೆ. ಯಾವಾಗಲೂ ಆ ಗಳಿಗೆಯಲ್ಲಿ ನಮ್ಮ ಕಾರು ಬೆನ್ನಿಗೆ ಕೈಕೊಟ್ಟು ತಳ್ಳಿದಂತೆ ಮುಂದಕ್ಕೆ ನೆಗೆಯುತ್ತದೆ. ಅವತ್ತು ನೆಗೆಯಲಿಲ್ಲ. ಬದಲಿಗೆ ಬಾನೆಟ್ಟಿನ ಎಡಭಾಗದಿಂದ, ಯಾರೋ ಹಲ್ಲು ಕಚ್ಚಿಕೊಂಡು ನೋವು ತಡೆಯುತ್ತಿದ್ದಾರೇನೋ ಎಂಬಂಥ ಉದ್ದನೆಯ ಉಸಿರು ಬಂತು. ಟ್ರಾಕ್ಟರಿನ ಪಕ್ಕದಲ್ಲೇ ಅರ್ಧ ಫರ್ಲಾಂಗು ಅದರ ಜೊತೆಗಾರನಂತೆ ಓಡಿ, ಕೊನೆಗೆ ಹೇಗೋ ದಾಟಿದೆ. ಕನ್ನಡಿಯಲ್ಲಿ ಹಿಂದೆ ಕರಿಹೊಗೆ ಕಂಡಿತು.

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ತನ್ನ ತಮ್ಮನ ಮನೆಯ ಹೊಸ ನೆಲದ ಕಲ್ಲಿನ ಬಗ್ಗೆ ಹೇಳುತ್ತಿದ್ದಳು. ಸದ್ದು ಕೇಳಿಸಿತೇ ಎಂದು ಕೇಳಿದೆ.

“ಸದ್ದಾ? ನಾನ್ ಮಾತಾಡ್ತಾ ಇವ್ನಿ, ಅದೇ ಸದ್ದು,” ಎಂದು ನೆಲದ ಕಲ್ಲಿಗೆ ವಾಪಸು ಹೋದಳು.

ಮನೆಗೆ ಬಂದು ಬಾನೆಟ್ ತೆರೆದೆ. ಇಂಜಿನ್ ಶುರುಮಾಡಿ ಪಕ್ಕದಲ್ಲಿ ನಿಂತೆ. ಸದ್ದಿಲ್ಲ. ರೇಸ್ ಮಾಡಿದೆ. ಸದ್ದಿಲ್ಲ. ಇಂಜಿನ್ನು ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ ಮುಂದೆ ಕೈಕಟ್ಟಿ ನಿಂತ ವಿದ್ಯಾರ್ಥಿಯಂತೆ ಸಭ್ಯವಾಗಿ ಗುರುಗುಟ್ಟುತ್ತಿತ್ತು.

ಇಲ್ಲಿ ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು ಹೇಳದೆ ವಿಧಿಯಿಲ್ಲ. ಶಿವನಸಮುದ್ರದ ವಿದ್ಯುದಾಗಾರದಲ್ಲಿ ನೀರು ತಿರುಗಿಸುವ ಚಕ್ರಗಳ ಪಕ್ಕ ನಿಂತು ತಲೆ ನರೆಸಿಕೊಂಡವನು ನಾನು. ಗಂಟೆಗೊಮ್ಮೆ ಮೀಟರು ನೋಡಿ ಪುಸ್ತಕದಲ್ಲಿ ಬರೆಯುವುದು ಕೆಲಸ. ಆದರೆ ಹಿರಿಯರು ನಮಗೆ ಕಲಿಸಿದ್ದು ಬೇರೆ: ಮೀಟರಿಗಿಂತ ಮುಂಚೆ ಕಿವಿಗೆ ಗೊತ್ತಾಗಬೇಕು. ತುದಿಯಲ್ಲಿ ಮರದ ಗುಂಡು ಕೂರಿಸಿದ ಉಕ್ಕಿನ ಸರಳೊಂದು ನಮ್ಮೆಲ್ಲರ ಬಳಿ ಇರುತ್ತಿತ್ತು. ಸರಳಿನ ಮೊನೆಯನ್ನು ಬೇರಿಂಗಿನ ಮೇಲಿಟ್ಟು ಗುಂಡನ್ನು ಕಿವಿಗೆ ಒತ್ತಿಕೊಂಡರೆ ಯಂತ್ರದ ಒಳಗಿನ ಸಂಸಾರವೆಲ್ಲ ಕೇಳಿಸುತ್ತಿತ್ತು. ನಾಳೆ ಬಿಸಿಯಾಗಲಿರುವ ಬೇರಿಂಗನ್ನು ಇವತ್ತು ಗುರುತಿಸಿ, ದೊಡ್ಡ ಸಾಹೇಬರಿಂದ ‘ಏನಯ್ಯಾ, ಕಣಿ ಹೇಳ್ತೀಯ?’ ಎನ್ನಿಸಿಕೊಂಡವನು ನಾನು. ನಿವೃತ್ತಿಯ ದಿನ ಹಾರ, ಶಾಲು, ಗಡಿಯಾರ ಕೊಟ್ಟರು. ಸರಳನ್ನು ನಾನೇ ಕೇಳಿ ತಂದೆ.

ಆ ಸರಳನ್ನು ಅಟ್ಟದಿಂದ ಇಳಿಸಿ ಕಾರಿನ ಮೈಯೆಲ್ಲ ಇಟ್ಟು ನೋಡಿದೆ. ಎದುರು ಮನೆಯವರು ನನ್ನ ಹೆಂಡತಿಯನ್ನು ಕರೆದು, ಯಜಮಾನರು ಕಾರಿಗೆ ನಾಟಿ ಔಷಧ ಕೊಡುತ್ತಿದ್ದಾರೆಯೇ ಎಂದು ವಿಚಾರಿಸಿದರಂತೆ.

ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಪೇಪರು ಅರ್ಧ ಸಾಲು ಓದುವಷ್ಟರಲ್ಲಿ ಎದ್ದು ಕಾರಿನ ಕಡೆ ಹೋಗುವುದು, ಬಾನೆಟ್ ಎತ್ತುವುದು, ಇಳಿಸುವುದು. ಲೋಕದಲ್ಲಿ ಇಷ್ಟೊಂದು ‘ಉಸ್’ ಇದೆಯೆಂದು ನನಗೆ ತಿಳಿದದ್ದೇ ಆಗ. ಕುಕ್ಕರು ಉಸ್ಸೆನ್ನುತ್ತದೆ. ಮಳವಳ್ಳಿ ಬಸ್ ನಿಲ್ದಾಣದಲ್ಲಿ ಬಸ್ಸು ಬ್ರೇಕ್ ಬಿಟ್ಟಾಗ ಉಸ್ಸೆನ್ನುತ್ತದೆ. ಟೊಮೇಟೊ ಗಿಡಕ್ಕೆ ಔಷಧಿ ಹೊಡೆಯುವ ಪಂಪು, ಸೋಡಾ ಶೀಷೆ, ಬಿಸಿ ಕಾವಲಿಯ ಮೇಲೆ ನೀರು ಚಿಮುಕಿಸುವ ದೋಸೆಯವನು, ಎಲ್ಲರೂ ಒಳಸಂಚು ಮಾಡಿಕೊಂಡಂತೆ ನನಗೆ ಉಸ್ಸೆಂದರು. ಪ್ರತಿ ಸಲವೂ ನಾನು ತಿರುಗಿ ನೋಡಿದೆ.

ಹೆಂಡತಿಗೆ ತಿಳಿಹೇಳಲು ನೋಡಿದೆ. ಇದು ಟರ್ಬೊ ಇರುವ ಡೀಸೆಲ್ ಗಾಡಿ. ನಮ್ಮ ಶಿವನಸಮುದ್ರದಲ್ಲಿ ನೀರು ಚಕ್ರ ತಿರುಗಿಸಿದ ಹಾಗೆ ಇಲ್ಲಿ ಇಂಜಿನ್ನಿನ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ಕೊನೆಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಮುಂದಿನ ಜಾಲರಿ ಡಬ್ಬಿಯಲ್ಲಿ ತಣಿಸುತ್ತಾರೆ. ಈ ನಡುವಿನ ರಬ್ಬರ್ ಪೈಪುಗಳಲ್ಲಿ ಎಲ್ಲೋ ಗಾಳಿ ಸೋರುತ್ತಿದೆ, ಅದಕ್ಕೇ ಎಳೆತ ಇಲ್ಲ, ಕರಿಹೊಗೆ ಬೇರೆ. ಇಷ್ಟನ್ನು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡವಳು ಒಂದೇ ಆಕ್ಷೇಪ ಎತ್ತಿದಳು.

“ಒಗೆ ಚಕ್ರ ತಿರುಗುಸ್ತದಾ? ನಿಮ್ಮವ್ವನ ಒಲೆ ಮುಂದೆ ಕುಂತ್ಕಂಡು ಅಷ್ಟ್ ವರ್ಸ ಒಗೆ ಕುಡುದ್ನಲ್ಲ, ನನ್ ತಲೆ ಬುಟ್ರೆ ಯಾವ ಚಕ್ರನೂ ತಿರುಗ್ಲಿಲ್ಲ.”

ನಾನು ಸರಳು ಹಿಡಿದು ಮತ್ತೆ ಕಾರಿನ ಕಡೆ ನಡೆದೆ.

ಮಂಡ್ಯದಲ್ಲಿ ಮಗಳಿದ್ದಾಳೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಭಾನುವಾರದ ಊಟ ಅವಳ ಮನೆಯಲ್ಲಿ. ಅಂಥದೊಂದು ಭಾನುವಾರ ಗೆಜ್ಜಲಗೆರೆ ಹತ್ತಿರ ನಾನು ಒಂದು ಪ್ರಯೋಗ ಮಾಡಿದೆ. ಸದ್ದು ಬಂದ ತಕ್ಷಣ ಕಾಲೆತ್ತಿದರೆ ಅದು ನಿಲ್ಲುತ್ತದೆಯೋ ಇಲ್ಲವೋ ಎಂಬುದು ವಿಷಯ. ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು, ರಸ್ತೆ ತುಂಬ ಬೈಕು, ಹಿಂದೆ ಬಸ್ಸು ಎಂಬುದು ನನ್ನ ಗಮನದಲ್ಲಿರಲಿಲ್ಲ. ಕಾಲೆತ್ತಿದೆ. ಹಿಂದಿನ ಬಸ್ಸಿನ ಹಾರನ್ನಿನಲ್ಲಿ ನನ್ನ ಪ್ರಯೋಗ ಮುಳುಗಿಹೋಯಿತು. ಬಸ್ಸು ಬಲಕ್ಕೆ ಹೊರಳಿ ಒಂದು ಗೇಣು ಅಂತರದಲ್ಲಿ ದಾಟಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ ನಮ್ಮ ವಂಶದ ಹಿರಿಯರನ್ನೆಲ್ಲ ನೆನೆದ. ಮದುವೆಯಾದಂದಿನಿಂದ ಮೊದಲ ಬಾರಿಗೆ ನನ್ನ ಹೆಂಡತಿ ನಾಲ್ಕು ಮೈಲಿ ಮಾತಿಲ್ಲದೆ ಬಂದಳು. ಆ ಮೌನದಲ್ಲಿ ಸದ್ದು ಸ್ಪಷ್ಟವಾಗಿ ಕೇಳಬಹುದಿತ್ತು. ಅವತ್ತು ಮತ್ತೆ ಕಾಲು ಒತ್ತುವ ಧೈರ್ಯ ನನಗಿರಲಿಲ್ಲ.

ಮಗಳ ಮನೆಯಲ್ಲಿ ಊಟಕ್ಕೆ ಮುಂಚೆ ವಿಚಾರಣೆ ನಡೆಯಿತು. ಮರುದಿನವೇ ಕಿವಿಯ ಡಾಕ್ಟರು. ಅವರು ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಡಬ್ಬಿ ಮುಚ್ಚಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಕೇಳಿದಾಗಲೂ ಒತ್ತಿದೆ, ಕೇಳದಿದ್ದರೂ ಕೇಳಬೇಕಾದ ಹೊತ್ತಾಯಿತು ಅನ್ನಿಸಿದಾಗಲೂ ಒತ್ತಿದೆ. ಗಂಟೆಗೊಮ್ಮೆ ತಪ್ಪದೆ ಪುಸ್ತಕ ತುಂಬಿಸಿದವನ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಡಾಕ್ಟರು ಕಾಗದ ನೋಡಿ ನಕ್ಕು, ಯಂತ್ರಗಳ ನಡುವೆ ಆಯುಷ್ಯ ಕಳೆದವರಿಗೆ ಸಣ್ಣ ಸದ್ದುಗಳು ಕೇಳದೆ ಹೋಗುತ್ತವೆ, ಅದರ ಜಾಗದಲ್ಲಿ ಕಿವಿಯೇ ಒಂದು ಸದ್ದನ್ನು ಹುಟ್ಟಿಸಿಕೊಳ್ಳುವುದೂ ಉಂಟು ಎಂದು ಹೇಳಿದರು.

ಅದಕ್ಕೆ ಮುಂಚೆಯೇ ಕಾರನ್ನು ಮಂಡ್ಯದ ಒಂದು ದೊಡ್ಡ ಗ್ಯಾರೇಜಿಗೆ ತೋರಿಸಿಯಾಗಿತ್ತು. ಅಲ್ಲಿ ಕಂಪ್ಯೂಟರಿನ ತಂತಿ ಸಿಕ್ಕಿಸಿ, ಏನೂ ತಪ್ಪು ತೋರುತ್ತಿಲ್ಲ ಎಂದು ತೊಳೆದು ವಾಪಸು ಕೊಟ್ಟಿದ್ದರು. ಹೀಗೆ ಕಾರಿನ ವಕೀಲರು ಕಾರಿಗೆ ದೋಷವಿಲ್ಲವೆಂದರು, ಕಿವಿಯ ವಕೀಲರು ದೋಷ ಕಿವಿಯದೆಂದರು. ಮಗಳು ತೀರ್ಪು ಕೊಟ್ಟಳು.

“ಅಪ್ಪ, ಇನ್ನೊಬ್ರು ಯಾರಾದ್ರೂ ಕೇಳುದ್ರೆ ಅದು ಕಾರಿನ ಸದ್ದು. ನೀನೊಬ್ನೇ ಕೇಳುದ್ರೆ ನಿನ್ ಕಿವಿ ಸದ್ದು. ಅಲ್ಲಿಗಂಟ ಕೀ ಅವ್ವನ್ ಕೈಲಿರ್ಲಿ. ಸದ್ದು ಕೇಳೋರು ಯಾರೂ ಸಿಕ್ನಿಲ್ಲ ಅಂದ್ರೆ ನೀನಿನ್ನು ಗಾಡಿ ಓಡುಸ್ಬ್ಯಾಡ.”

ಹೆಂಡತಿ ಕೀಯನ್ನು ಹುಣಸೆಹಣ್ಣಿನ ಜಾಡಿಯಲ್ಲಿ ಇಟ್ಟಳು. ಹುಣಸೆ ಜಾಡಿಗೆ ನಾನು ಕೈ ಹಾಕಿದರೆ ಬೆರಳೇ ಸಾಕ್ಷಿ ಹೇಳುತ್ತದೆಂಬುದು ಅವಳ ಲೆಕ್ಕ.

ಕಾರೆಂದರೆ ನನಗೆ ಠೀವಿಯ ವಸ್ತುವಲ್ಲ. ವಾರಕ್ಕೆರಡು ಬೆಳಗ್ಗೆ ಶಿವನಸಮುದ್ರದ ಕಡೆಗೆ ಹೋಗಿ, ವಿದ್ಯುದಾಗಾರದ ಮೇಲಿನ ದಿಬ್ಬದಲ್ಲಿ ನಿಲ್ಲಿಸಿ, ಕೆಳಗೆ ಯಂತ್ರ ಓಡುತ್ತಿರುವ ನಾದವನ್ನು ಹತ್ತು ನಿಮಿಷ ಕೇಳಿ ಬರುವುದು ನನ್ನ ಪದ್ಧತಿ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಬಿಟ್ಟ ಕೆಲಸವನ್ನು ಕೇಳಲು ಡೀಸೆಲ್ ಸುಡುವ ಮನುಷ್ಯನೆಂದು ಮಳವಳ್ಳಿಯಲ್ಲಿ ಹೆಸರಾಗುತ್ತಿತ್ತು. ಬಸ್ಸು ಆ ದಿಬ್ಬದಲ್ಲಿ ನಿಲ್ಲುವುದಿಲ್ಲ. ಕೀ ಹೋದರೆ ಅದೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಕಿವಿಯನ್ನೇ ನಂಬಿ ಬದುಕಿದವನಿಗೆ ಕಿವಿ ಸುಳ್ಳು ಹೇಳುತ್ತಿದೆಯೆಂದರೆ ಉಳಿದದ್ದೇನು? ಮೂರು ವಾರ ಮನೆಯ ಮುಂದೆ ನಿಂತ ಕಾರಿನ ಸುತ್ತ ಪ್ರದಕ್ಷಿಣೆ ಬಂದೆ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತನ್ನು ನೋಡಿದ ಹಾಗಾಗುತ್ತಿತ್ತು.

ಡಿಸೆಂಬರಿನಲ್ಲಿ ನನ್ನ ಹೆಂಡತಿಗೆ ಮದ್ದೂರಿನಲ್ಲಿ ಒಂದು ಕೆಲಸ ಬಿತ್ತು. ಅವಳ ನಂಟರ ಮನೆಯ ನಾಮಕರಣ. ಬಸ್ಸಿನಲ್ಲಿ ನಿಂತು ಹೋಗುವ ಮನಸ್ಸಿರಲಿಲ್ಲ. ನಾನು ಸಮಯ ನೋಡಿ, ಮದ್ದೂರಿನ ಹಳೇ ರಸ್ತೆಯಲ್ಲಿ ಲಾರಿಗಳ ಇಂಜಿನ್ ಬಿಚ್ಚುವ ಒಬ್ಬ ಮೆಕ್ಯಾನಿಕ್ ಇದ್ದಾನೆ, ನಾಮಕರಣ ಮುಗಿದ ಮೇಲೆ ಒಂದು ಗಳಿಗೆ ಅಲ್ಲಿಗೆ ಹೋಗಿಬಿಡೋಣ ಎಂದು ಅರ್ಜಿ ಸಲ್ಲಿಸಿದೆ. ಜಾಡಿಯ ಮುಚ್ಚಳ ತೆಗೆಯುವಾಗ ಷರತ್ತು ಹಾಕಿದಳು: ನಲವತ್ತು ದಾಟುವಂತಿಲ್ಲ, ಟ್ರಾಕ್ಟರು ಹಿಂದೆ ಹಾಕುವಂತಿಲ್ಲ. ಕೀಗೆ ಹುಣಸೆ ಅಂಟಿ ಹಿತ್ತಾಳೆಯ ಬಿಲ್ಲೆ ಫಳಫಳ ಹೊಳೆಯುತ್ತಿತ್ತು.

ಮೆಕ್ಯಾನಿಕ್ ನನಗಿಂತ ಹತ್ತು ವರ್ಷ ಚಿಕ್ಕವನು. ಮದರಂಗಿ ಹಚ್ಚಿದ ಗಡ್ಡ, ಮೂಗಿನ ತುದಿಗೆ ಕನ್ನಡಕ. ಅವನ ತಂದೆಯೂ ಅದೇ ಬೇವಿನ ಮರದ ಕೆಳಗೆ ಎಣ್ಣೆ ಯಂತ್ರ ರಿಪೇರಿ ಮಾಡುತ್ತಿದ್ದರಂತೆ. ನಾನು ಶಾಸ್ತ್ರೋಕ್ತವಾಗಿ ಟರ್ಬೊ, ಒತ್ತಡ ಎಂದು ಶುರುಮಾಡುವುದರೊಳಗೆ ಕೈ ಎತ್ತಿ ತಡೆದ.

“ಅದೆಲ್ಲ ಆಮ್ಯಾಕೆ. ಸದ್ದು ಮಾಡಿ ತೋರ್ಸಿ ಯಜಮಾನ್ರೆ.”

ನಡುಹಗಲಲ್ಲಿ, ಪಕ್ಕದ ಪಂಕ್ಚರ್ ಅಂಗಡಿಯವನೂ ಸೇರಿ ಮೂರು ಜನರ ಎದುರು, ಹೆಗಲಿಗೆ ಶಾಲು ಹೊದ್ದ ಮಾಜಿ ಸರ್ಕಾರಿ ನೌಕರ ಹಲ್ಲು ಕಚ್ಚಿ ‘ಉಸ್ಸ್’ ಎಂದ. ಮೆಕ್ಯಾನಿಕ್ ಕಣ್ಣು ಮುಚ್ಚಿ ಕೇಳಿದ. ಇನ್ನೊಂದು ಸಲ ಮಾಡಿಸಿದ. ಯಾವ ಗೇರು, ಏರೋ ಇಳಿಜಾರೋ, ಕಾಲೆತ್ತಿದರೆ ನಿಲ್ಲುತ್ತದೋ ಇಲ್ಲವೋ ಎಂದೆಲ್ಲ ಕೇಳಿದ. ಕೊನೆಯ ಪ್ರಶ್ನೆಗೆ ಗೆಜ್ಜಲಗೆರೆಯ ಕಾರಣದಿಂದ ನನ್ನ ಹತ್ತಿರ ಉತ್ತರವಿರಲಿಲ್ಲ. ನಿಂತಾಗ ಸದ್ದೇ ಬರುವುದಿಲ್ಲ, ಕಂಪ್ಯೂಟರಿಗೂ ಸಿಗಲಿಲ್ಲ, ಕಿವಿಯೇ ಕೆಟ್ಟಿದೆಯಂತೆ ಎಂದು ತಲೆ ತಗ್ಗಿಸಿ ಹೇಳಿದೆ.

“ನಿಂತ್ಕಂಡಿರೋ ಗಾಡಿ ಯಾವತ್ತೂ ಸಾದು ಕಣ್ರೀ. ಬಾರ ಏರುದ್ರೆ ತಾನೆ ಗೊಣಗದು,” ಎಂದ.

ನನಗೆ ನಾಚಿಕೆಯಾಯಿತು. ಲೋಡು ಬೀಳದೆ ಯಂತ್ರದ ದೋಷ ಕಾಣದು ಎಂಬ ಪಾಠವನ್ನು ವಿದ್ಯುದಾಗಾರಕ್ಕೆ ಸೇರಿದ ಹೊಸಬರಿಗೆಲ್ಲ ಹೇಳಿದವನು ನಾನೇ. ಆ ಪಾಠವನ್ನು ಮರೆತು, ನಿಂತ ಕಾರಿಗೆ ಸರಳಿಟ್ಟುಕೊಂಡು ಎರಡು ತಿಂಗಳು ಕಳೆದಿದ್ದೆ. ಕಾಲು ಒತ್ತಿ ಭಾರ ಎಳೆಯುವಾಗ ಮಾತ್ರ ಪೈಪಿನಲ್ಲಿ ಗಾಳಿ ಬಿರುಸಾಗುತ್ತದೆ. ಹಾಗಾದರೆ ನಿಂತ ಗಾಡಿಗೆ ಆ ಬಿರುಸನ್ನು ಹೊರಗಿನಿಂದ ಕೊಡಬೇಕು. ಅದಕ್ಕೆ ಅವನ ಬಳಿ ಒಂದು ಉಪಾಯವಿತ್ತು. ನಮ್ಮ ಸೀಮೆಯಲ್ಲಿ ಮಾತ್ರ ಹುಟ್ಟಬಹುದಾದ ಉಪಾಯ. ಎದುರಿನ ಪಂಪ್‌ಸೆಟ್ ಅಂಗಡಿಯಿಂದ, ಗದ್ದೆಗೆ ನೀರು ಹಾಯಿಸುವ ಪೈಪಿನ ಬಾಯಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ತಂದಿಟ್ಟುಕೊಂಡಿದ್ದ. ಅದರ ನಡುವೆ ತೂತು ಕೊರೆದು, ಸ್ಕೂಟರ್ ಟ್ಯೂಬಿನಿಂದ ಕತ್ತರಿಸಿದ ಗಾಳಿ ಹೊಡೆಯುವ ವಾಲ್ವನ್ನು ಕೂರಿಸಿದ್ದ. ಏರ್ ಫಿಲ್ಟರಿನ ಕಡೆಯ ಪೈಪು ಬಿಚ್ಚಿ, ಟರ್ಬೊ ಉಸಿರೆಳೆಯುವ ಬಾಯಿಗೆ ಈ ಮುಚ್ಚಳ ಹಾಕಿ ಕ್ಲಿಪ್ಪು ಬಿಗಿದ. ಇಂಜಿನ್ನಿನ ಹೊಟ್ಟೆಯಿಂದ ಬರುವ ಸಣ್ಣ ಪೈಪಿಗೆ ಬಟ್ಟೆ ಸುತ್ತಿದ ಮರದ ಬಿರಡೆ ಜಡಿದ. ಪಂಕ್ಚರ್ ಅಂಗಡಿಯಿಂದ ಗಾಳಿಯ ಪೈಪು ಎಳೆದು ತಂದ.

ಗಾಳಿ ಎಷ್ಟು ಬಿಡಬೇಕೆಂಬುದರಲ್ಲಿ ಅವನು ಬಹಳ ಕಟ್ಟುನಿಟ್ಟು. ಫುಟ್‌ಬಾಲಿಗೆ ತುಂಬುವಷ್ಟು, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಇಲ್ಲದ ಕಡೆ ತೂತಾಗಿ, ಹುಡುಕಿದ್ದು ಸಿಗುವ ಬದಲು ಹೊಸದು ಹುಟ್ಟುತ್ತದೆ ಎಂದ. ಇಂಜಿನ್ನಿನ ಒಳಕ್ಕೆ ಸ್ವಲ್ಪ ಗಾಳಿ ಹೋಗಿಯೇ ಹೋಗುತ್ತದೆ, ಆ ಸದ್ದಿಗೆ ಬೆಚ್ಚಬಾರದು ಎಂದೂ ಸೇರಿಸಿದ.

ನನ್ನ ಹೆಂಡತಿ ಇದೆಲ್ಲದರಿಂದ ದೂರ, ಕಾರಿನ ಮುಂಭಾಗದಲ್ಲಿ ಒಂದು ಹಳೇ ಸೀಟಿನ ಮೇಲೆ ಕೂತಿದ್ದಳು. ನಾಮಕರಣದ ಮನೆಯವರು ನೆನೆಸಿದ ಅವರೆಕಾಳನ್ನು ಒಂದು ಡಬ್ಬಿ ತುಂಬ ಕಟ್ಟಿ ಕೊಟ್ಟಿದ್ದರು. ಹೊತ್ತು ಹೋಗಲೆಂದು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಹಿದುಕುತ್ತಿದ್ದಳು. ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಡಬ್ಬಿಯ ಮುಚ್ಚಳದಲ್ಲಿ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ನಾನು ಬಾನೆಟ್ಟಿನ ಮೇಲೆ ಬಗ್ಗಿ ಕಿವಿ ನಿಗುರಿಸಿದೆ. ಮೆಕ್ಯಾನಿಕ್ ವಾಲ್ವಿಗೆ ಗಾಳಿ ಹಿಡಿದ. ಒಳಗೆಲ್ಲೋ ಗೊರಗೊರ ಎಂದಿತು. ಪೈಪುಗಳು ಉಬ್ಬಿದವು. ನನಗೆ ಏನೂ ಕೇಳಲಿಲ್ಲ. ಏನೆಂದರೆ ಏನೂ ಇಲ್ಲ. ಲಾರಿಗಳು, ಪಂಕ್ಚರ್ ಅಂಗಡಿಯ ಮೋಟರು, ನನ್ನದೇ ಎದೆ. ಹಾಗಾದರೆ ಮಗಳು ಹೇಳಿದ್ದೇ ಸರಿ ಎಂದುಕೊಂಡೆ. ದಿಬ್ಬದ ಮೇಲಿನ ಆ ಜಾಗ ಒಂದು ಸಲ ಕಣ್ಣಮುಂದೆ ಬಂದು ಹೋಯಿತು.

“ಏನ್ರೀ,” ಎಂದಳು ನನ್ನ ಹೆಂಡತಿ, ಡಬ್ಬಿ ಎದೆಗೊತ್ತಿಕೊಂಡು ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಳ್ಳುತ್ತ. “ಇಂದಕ್ ಬನ್ನಿ. ಕಾರಿನ್ ಕೆಳಗೆ ಆವು ಸೇರ್ಕಂಡದೆ.”

ಮೆಕ್ಯಾನಿಕ್ ಗಾಳಿ ನಿಲ್ಲಿಸಿದ.

“ಓಯ್ತು,” ಎಂದಳು.

ಮತ್ತೆ ಬಿಟ್ಟ.

“ಅಗೋ, ಬುಸ್ ಅಂತದೆ. ಕೇಳಕಿಲ್ವಾ ನಿಮ್ಗೆ?”

ನನ್ನ ಸೇವಾವಧಿಯಲ್ಲಿ ಬಂದ ಯಾವ ಪ್ರಶಂಸಾಪತ್ರವೂ ಆ ಮಾತಿನಷ್ಟು ಸಂತೋಷ ಕೊಟ್ಟಿರಲಿಲ್ಲ. ನಾಗರಹಾವೇ ಆಗಿದ್ದರೂ ಆ ಗಳಿಗೆಯಲ್ಲಿ ನಾನು ಅದಕ್ಕೆ ಹಾಲೆರೆಯುತ್ತಿದ್ದೆ. ಸೋರುವ ಜಾಗ ಕೆಳಮುಖವಾಗಿ, ಮುಂದಿನ ಜಾಲರಿ ಡಬ್ಬಿಯ ಅಡಿಯಲ್ಲಿತ್ತು. ಅದರ ಉಸಿರು ನೇರವಾಗಿ ನೆಲಕ್ಕೆ ಹೊಡೆದು ಅವಳ ಕಾಲಬುಡಕ್ಕೆ ಹೋಗುತ್ತಿತ್ತು. ಮೇಲೆ ಬಗ್ಗಿದ್ದ ನನಗೆ ಅಷ್ಟು ಸಣ್ಣ ಸದ್ದು ಮುಟ್ಟುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂಬ ಸಂಶಯ ಆಗಲೇ ಹಣಕಿತು. ಸದ್ಯಕ್ಕೆ ಅದನ್ನು ಒಳಕ್ಕೆ ತಳ್ಳಿದೆ.

ಮೆಕ್ಯಾನಿಕ್ ಕಾರಿನಡಿ ತೂರಿ ಸೋಪಿನ ನೊರೆ ಬಳಿದ. ರಬ್ಬರ್ ಪೈಪು ಜಾಲರಿ ಡಬ್ಬಿಗೆ ಕೂರುವ ಕೊನೆಯಲ್ಲಿ ಗುಳ್ಳೆಗಳು ಅನ್ನದ ಮಡಕೆಯಂತೆ ಉಕ್ಕಿ ಬಂದವು. ನನ್ನನ್ನೂ ಮಲಗಿಸಿ ತೋರಿಸಿದ. ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದಳು. ಕಣ್ಣು, ಕಿವಿ ಎರಡೂ ಸಾಕ್ಷಿಯಾದವು.

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ಮೆಕ್ಯಾನಿಕ್ ಆ ಪೈಪನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೊರಬಂದವನು ಅದನ್ನು ಹಾಗೇ ಹೀಗೇ ತಿರುಗಿಸಿದ. ಕ್ಲಿಪ್ಪು ಸರಿಯಾಗಿತ್ತು, ಬಿಗಿಯಾಗಿಯೂ ಇತ್ತು. ಪೈಪಿನ ತುದಿ ಮಾತ್ರ ಊದಿಕೊಂಡು ಮೆತ್ತಗಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಜಾರಿತು. ನನ್ನ ಹೆಂಡತಿಯ ಮಡಿಲಿನ ಕಡೆ ಗಲ್ಲ ತಿರುಗಿಸಿ, ನೆನೆದ ಅವರೆಕಾಳಿನ ಹಾಗಾಗಿದೆ, ಒಳಗಿನಿಂದ ಗಾಳಿ ಹಿದುಕುತ್ತದೆ, ಕ್ಲಿಪ್ಪಿನಿಂದ ಸಿಪ್ಪೆ ಜಾರುತ್ತದೆ ಎಂದ. ಆಮೇಲೆ ಪೈಪನ್ನು ಮೂಗಿಗೆ ಹಿಡಿದು, ಕನ್ನಡಕದ ಮೇಲಿಂದ ನನ್ನನ್ನು ನೋಡಿದ.

“ಇದುಕ್ಕೆ ಎಣ್ಣೆ ಕುಡ್ಸಿರೋರು ಯಾರು?”

ನಾನು ತಲೆಯೆತ್ತಿ ಬೇವಿನ ಮರವನ್ನು ನೋಡಿದೆ.

ವಿದ್ಯುದಾಗಾರದಲ್ಲಿ ಆಯುಧಪೂಜೆಗೆ ಒಂದು ಕ್ರಮವಿತ್ತು. ಹಿಂದಿನ ದಿನ ನಾವೆಲ್ಲ ಪಂಚೆ ಎತ್ತಿ ಕಟ್ಟಿ, ಕಾಟನ್ ವೇಸ್ಟನ್ನು ಎಣ್ಣೆಯಲ್ಲಿ ಅದ್ದಿ, ಯಂತ್ರಗಳ ಕಬ್ಬಿಣ ಹಿತ್ತಾಳೆಗಳನ್ನೆಲ್ಲ ಮುಖ ಕಾಣುವಂತೆ ಒರೆಸುತ್ತಿದ್ದೆವು. ಒಣಗಿದ ಯಂತ್ರಕ್ಕೆ ಕುಂಕುಮ ಇಡುವುದು ಅಪಚಾರ. ನಿವೃತ್ತನಾದ ಮೇಲೆ ನನಗೆ ಉಳಿದ ಯಂತ್ರ ಇದೊಂದೇ. ಇದಕ್ಕೆ ವರ್ಷಕ್ಕೊಮ್ಮೆ ಸಾಲದೆಂದು ವಾರಕ್ಕೊಮ್ಮೆ, ಡೀಸೆಲ್ಲಿಗೆ ಎರಡು ಹನಿ ಇಂಜಿನ್ ಆಯಿಲ್ ಬೆರೆಸಿ, ಬಾನೆಟ್ಟಿನ ಒಳಗೆಲ್ಲ ಒರೆಸುತ್ತಿದ್ದೆ. ರಬ್ಬರ್ ಪೈಪುಗಳಿಗೆ ವಿಶೇಷ ಗಮನ. ಅವು ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವು. ಕಬ್ಬಿಣ ಎಣ್ಣೆ ಕುಡಿಯುವುದಿಲ್ಲ, ರಬ್ಬರು ಕುಡಿಯುತ್ತದೆ ಎಂಬುದು ಇಷ್ಟು ವಯಸ್ಸಿನಲ್ಲಿ ನನಗೆ ಹೊಳೆದಿರಲಿಲ್ಲ.

ಇದನ್ನು ನಾನು ಯೋಗ್ಯ ಪದಗಳಲ್ಲಿ ನಿವೇದಿಸಲು ತಯಾರಾಗುವುದರೊಳಗೆ ನನ್ನ ಹೆಂಡತಿ ಹೇಳಿಬಿಟ್ಟಳು.

“ವಾರುಕ್ಕೊಂದು ಎಣ್ಣೆಸ್ನಾನ ಅದುಕ್ಕೆ. ನಮ್ ಮಗೀಗೂ ಇಷ್ಟು ಮಾಡ್ಸಿರ್ನಿಲ್ಲ ಇವ್ರು.”

ಮೆಕ್ಯಾನಿಕ್ ನಗಲಿಲ್ಲ. ನಕ್ಕಿದ್ದರೆ ಸಹಿಸುತ್ತಿದ್ದೆ. ಪೈಪು ಕೆಳಗಿಟ್ಟು, ಪಕ್ಕದಲ್ಲಿ ಬಿಚ್ಚಿದ್ದ ಒಂದು ಲಾರಿಯ ಹತ್ತಿರ ಕರೆದೊಯ್ದು ತೋರಿಸಿದ. ಅದರ ಪೈಪಿನ ಕೊನೆಯಲ್ಲಿ ಕ್ಲಿಪ್ಪಿನ ಕೆಳಗೆ ಕರ್ರಗೆ ಜಿಡ್ಡು ಇಳಿದು ಧೂಳು ಹಿಡಿದಿತ್ತು.

“ಗಾಳಿ ಸೋರೋ ಜಾಗ ಇಂಗೆ ಬೆವತಿರ್ತದೆ ಯಜಮಾನ್ರೆ. ಒಳಗ್ಲಿಂದ ಎಣ್ಣೆ ಪಸೆ ಗಾಳಿ ಜೊತೆ ಈಚೆಗ್ ಬತ್ತದೆ. ಇದ್ನ ನೋಡೇ ನಾವು ಇಡಿಯೋದು. ನಿಮ್ ಗಾಡೀಲಿ ಒಂದ್ ಗುರ್ತೂ ಇಲ್ಲ. ಎಲ್ಲ ಒರ್ಸಾಕ್ಬುಟ್ಟಿದ್ದೀರಿ.”

ಅಂದರೆ, ಪೈಪನ್ನು ಕೆಡಿಸಿದವನು ನಾನು. ಅದು ಕೆಟ್ಟಿದೆಯೆಂದು ಮೊದಲು ಕೂಗಿದವನೂ ನಾನು. ಅದಕ್ಕಿದ್ದ ಒಂದೇ ಸಾಕ್ಷಿಯನ್ನು ಪ್ರತಿ ಶುಕ್ರವಾರ ಶ್ರದ್ಧೆಯಿಂದ ಒರೆಸಿ ತೆಗೆದವನೂ ನಾನೇ.

ಹೊಸ ಪೈಪು ಬಂತು. ಹಾಕುವಾಗ ಅವನು ಎಣ್ಣೆ ಮುಟ್ಟಲಿಲ್ಲ; ಕೂರುವ ಜಾಗವನ್ನು ಒಣಬಟ್ಟೆಯಿಂದ ಉಜ್ಜಿ, ಬರಿ ಸೋಪಿನ ನೀರು ಸವರಿ ಕೂರಿಸಿದ. ಕ್ಲಿಪ್ಪನ್ನು ಪೈಪಿನ ಅಂಚಿಗಿಂತ ಒಂದು ಬೆರಳು ಒಳಗೆ, ರಬ್ಬರು ಕಚ್ಚದಷ್ಟು ಬಿಗಿದ. ಉಳಿದ ಪೈಪುಗಳನ್ನು ಹಿಸುಕಿ ನೋಡಿ, ಒಂದು ಕಬ್ಬಿಣದ ಪಟ್ಟಿಗೆ ಉಜ್ಜುತ್ತಿತ್ತೆಂದು ನಡುವೆ ರಬ್ಬರ್ ತುಂಡು ಸಿಕ್ಕಿಸಿದ. ಇನ್ನು ಮುಂದೆ ಆಯಿಲ್ ಬದಲಿಸುವಾಗಲೆಲ್ಲ ಪೈಪುಗಳನ್ನು ಕೈಯಲ್ಲಿ ಹಿಸುಕಿ ನೋಡಿ, ಬೆವತ ಗುರುತು ಇದೆಯೇ ನೋಡಿ, ಒರೆಸಬೇಡಿ ಎಂದ. ಪೂಜೆ ಬೇಕಾದರೆ ಬಾನೆಟ್ ಮುಚ್ಚಿ ಮೇಲಿಂದ ಮಾಡಿಕೊಳ್ಳಿ ಎಂದೂ ಹೇಳಿದ. ಮತ್ತೆ ಗಾಳಿ ಬಿಟ್ಟು ನೊರೆ ಬಳಿದ. ಗುಳ್ಳೆ ಬರಲಿಲ್ಲ. ನನ್ನ ಹೆಂಡತಿ ಕಾಲು ಕೆಳಗಿಟ್ಟೇ ಕೂತಿದ್ದಳು.

ವಾಪಸು ಬರುವಾಗ ಭಾರತೀನಗರದ ಆಚೆ ಎಂದಿನಂತೆ ಒಂದು ಕಬ್ಬಿನ ಟ್ರಾಕ್ಟರು. ಹಿಂದೆ ಹಾಕಬಾರದೆಂಬ ಷರತ್ತು ನೆನಪಾಗಿ ಅವಳ ಮುಖ ನೋಡಿದೆ. ಹೋಗಿ ಎನ್ನುವಂತೆ ಕೈಯಾಡಿಸಿದಳು. ಕಾಲು ಒತ್ತಿದೆ. ಬೆನ್ನಿಗೆ ಆ ಹಳೆಯ ಕೈ ಬಂತು. ಟ್ರಾಕ್ಟರು ಹಿಂದಕ್ಕೆ ಸರಿಯಿತು, ಹೊಗೆಯಿಲ್ಲ, ಉಸಿರಿಲ್ಲ.

ಅವಳೇ ಮಗಳಿಗೆ ಫೋನು ಮಾಡಿ ಸಾಕ್ಷಿ ನುಡಿದಳು. ಹಾವಿನ ವಿಷಯವನ್ನು ಸ್ವಲ್ಪ ಚಿಕ್ಕದು ಮಾಡಿ, ಎಣ್ಣೆಸ್ನಾನದ ವಿಷಯವನ್ನು ಸ್ವಲ್ಪ ದೊಡ್ಡದು ಮಾಡಿ ಹೇಳಿದಳೆಂದು ನನಗೆ ಅನ್ನಿಸಿತು. ಮಗಳು ಬಹಳ ಹೊತ್ತು ನಕ್ಕು, ತೀರ್ಪನ್ನು ಅವ್ವನಿಗೇ ಬಿಟ್ಟಿದ್ದೇನೆ ಎಂದಳಂತೆ.

ಇಲ್ಲಿಗೆ ನಾನು ಸಮಾಧಾನವಾಗಿ ಪೇಪರು ಓದಬೇಕಿತ್ತು. ಮೂರನೇ ದಿನ ಮಧ್ಯಾಹ್ನ ಮನೆಯಲ್ಲಿ ಕರೆಂಟು ಹೋಗಿ ಫ್ಯಾನು, ಫ್ರಿಜ್ಜು ಎಲ್ಲ ನಿಂತಾಗ, ಆ ನಿಶ್ಶಬ್ದದಲ್ಲಿ, ಎಡಗಿವಿಯ ಆಳದಲ್ಲಿ ಒಂದು ಸದ್ದಿತ್ತು. ಉಸ್ ಅಲ್ಲ, ಸೊಳ್ಳೆಗಿಂತ ಸಣ್ಣಗೆ, ಎಳೆ ಎಳೆದಂತೆ, ನಿಲ್ಲದ ಒಂದು ಕುಯ್ ಎನ್ನುವ ಸದ್ದು. ಕಾರು ಹೊರಗೆ ನಿಂತಿತ್ತು. ಅದನ್ನು ದೂರುವ ಹಾಗಿರಲಿಲ್ಲ.

ಎದ್ದು ಅಡುಗೆಮನೆಗೂ ಜಗಲಿಗೂ ನಾಲ್ಕು ಸಲ ಓಡಾಡಿದೆ. ಹೇಳಿದರೆ ಕೀ ಹೋಗುತ್ತದೆ. ಹೇಳದಿದ್ದರೆ, ಬರೆಯಬೇಕಾದ ರೀಡಿಂಗನ್ನು ಬರೆಯದೆ ಬಿಟ್ಟ ಹಾಗೆ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರದ ಪುಸ್ತಕದಲ್ಲಿ ಒಂದು ಗಂಟೆಯನ್ನೂ ಹಾರಿಸಿದವನಲ್ಲ. ಐದನೇ ಸಲ ಅಡುಗೆಮನೆಗೆ ಹೋದಾಗ ಹೇಳಿದೆ. ದಿಬ್ಬದ ವಿಷಯವನ್ನೂ ಹೇಳಿದೆ. ಅಂದು ಯಾಕೋ ಬಾಯಿ ಅಲ್ಲಿಗೆ ನಿಲ್ಲಲಿಲ್ಲ.

ಅವಳು ಒಲೆಯ ಕಡೆಯಿಂದ ತಿರುಗಲಿಲ್ಲ.

“ಕಿವಿ ವಿಸ್ಯ ನಂಗ್ ಗೊತ್ತಿಲ್ವಾ? ಟೀವಿ ಆಕುದ್ರೆ ಇಡೀ ಬೀದಿಗೆ ವಾರ್ತೆ ಕೇಳುಸ್ತೀರಿ. ದಿಬ್ಬದ್ದೂ ಗೊತ್ತು. ಬೂದಿ ಬಣ್ಣದ ಮಣ್ಣು ಚಕ್ರುಕ್ಕೆ ಇನ್ನೆಲ್ಲಿಂದ್ ಅಂಟ್ಕತದೆ?” ಒಗ್ಗರಣೆ ಸಿಡಿಯಿತು. ಅದು ಅಡಗುವ ತನಕ ಕಾದು ಹೇಳಿದಳು. “ಕೀ ಜಾಡೀಲೇ ಇರ್ಲಿ. ಬೇಕಾದಾಗ ಕೇಳಿ, ಕೊಡ್ತೀನಿ. ನಾನೂ ಜೊತೇಲ್ ಬತ್ತೀನಿ. ನಿಮ್ಗೆ ಕೇಳ್ದೆ ಇರೋದ್ನ ನಾನ್ ಕೇಳುಸ್ಕತೀನಿ.”

ಅಂದಿನಿಂದ ದಿಬ್ಬಕ್ಕೆ ಇಬ್ಬರು ಹೋಗುತ್ತೇವೆ. ಕೆಳಗಿನ ಯಂತ್ರದ ನಾದ ಅವಳಿಗೆ ನನಗಿಂತ ಚೆನ್ನಾಗಿ ಕೇಳುತ್ತದೆ. ಆದರೆ ಅವಳು ಅದರ ಮೇಲೆ ಮಾತಾಡುತ್ತಾಳೆ. ನನ್ನ ಕಾಟನ್ ವೇಸ್ಟಿನ ಗಂಟನ್ನು ಬೆಕ್ಕಿನ ಹಾಸಿಗೆ ಮಾಡಿದ್ದಾಳೆ. ಬಾನೆಟ್ ಎತ್ತಬೇಕಾದರೆ ಅವಳು ಪಕ್ಕದಲ್ಲಿರಬೇಕು. ಪೈಪು ಹಿಸುಕುವುದು ಅವಳ ಪಾಲು. ಅವರೆಕಾಳು ಹಿದುಕಿದ ಬೆರಳಿಗೆ ಮೆತ್ತಗಾದದ್ದು ಬೇಗ ತಿಳಿಯುತ್ತದೆಯಂತೆ.

ಹೋದ ಭಾನುವಾರ ಮಂಡ್ಯಕ್ಕೆ ಹೋಗುವಾಗ ಭಾರತೀನಗರದ ಏರಿನಲ್ಲಿ ಕಾಲು ಒತ್ತಿದೆ. ಎಲ್ಲೋ ಸಣ್ಣಗೆ ಸದ್ದು. ಅವಳ ಕಡೆ ನೋಡಿದೆ. ಅವಳು ತಮ್ಮನ ಮನೆಯ ನೆಲದಲ್ಲಿ ಬಿರುಕು ಬಿಟ್ಟದ್ದನ್ನು ಹೇಳುತ್ತಿದ್ದಳು, ಕಾಲುಗಳು ಕೆಳಗೇ ಇದ್ದವು. ಕನ್ನಡಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ. ಮೆಲ್ಲಗೆ ಕಾಲೆತ್ತಿದೆ. ಇಂಜಿನ್ನು ತಗ್ಗಿತು, ಸದ್ದು ನಿಲ್ಲಲಿಲ್ಲ.

ಕಾರಿನದಲ್ಲ, ನನ್ನ ಕಿವಿಯದು. ಮತ್ತೆ ಕಾಲು ಒತ್ತಿದೆ.